ಮರಳಿ ಬಂದ ಬೈಸನ್: ಬ್ಲ್ಯಾಕ್‌ಫೂಟ್ ಜನರ ನೆಲ ಮತ್ತು ನೆನಪು

ಉತ್ತರ ಅಮೆರಿಕದ ರಾಕಿ ಪರ್ವತಗಳ ಪೂರ್ವ ತಪ್ಪಲಿನಿಂದಾಚೆಗೆ ಹಬ್ಬಿರುವ ಹುಲ್ಲುಗಾವಲು ಬ್ಲ್ಯಾಕ್‌ಫೂಟ್ ಜನರ ಪೂರ್ವಿಕರ ನಾಡು. ಅವರು ತಮ್ಮನ್ನು ಕರೆದುಕೊಳ್ಳುವುದು 'ನಿಟ್ಸಿಟಪಿ' ಎಂದು. ನಿಜವಾದ ಜನ ಎಂಬುದು ಅದರ ಅರ್ಥ. ಸಿಕ್ಸಿಕಾ, ಕೈನಾಯ್, ಪಿಕನಿ ಪಂಗಡಗಳು ಇಂದು ಕೆನಡಾದ ಆಲ್ಬರ್ಟಾದಲ್ಲಿಯೂ, ಪಿಕನಿಗಳ ದಕ್ಷಿಣ ಶಾಖೆಯು ಅಮೆರಿಕದ ಮೊಂಟಾನಾದಲ್ಲಿಯೂ ನೆಲೆಸಿವೆ. ಒಂದೇ ಜನಸಮುದಾಯವನ್ನು ಇಬ್ಭಾಗ ಮಾಡಿದ ಗಡಿರೇಖೆಯನ್ನು ಎಳೆದವರು ಅವರಲ್ಲ.

ಈ ಜನರ ಅನ್ನ, ಉಡುಪು, ಗುಡಾರ, ಆಚರಣೆ ಎಲ್ಲಕ್ಕೂ ಬೈಸನ್ ಆಧಾರವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚರ್ಮದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ಆ ಹಿಂಡುಗಳು ಕೆಲವೇ ವರ್ಷಗಳಲ್ಲಿ ಅಳಿದವು. ಮೊಂಟಾನಾದಲ್ಲಿ 1883-84ರ ಚಳಿಗಾಲದಲ್ಲಿ ನೂರಾರು ಜನ ಹಸಿವಿನಿಂದ ಸತ್ತರು. ಇದಾದ ಹನ್ನೊಂದೇ ವರ್ಷಕ್ಕೆ, 1895ರಲ್ಲಿ, ಪರ್ವತಭಾಗವನ್ನು ಹದಿನೈದು ಲಕ್ಷ ಡಾಲರಿಗೆ ಸರ್ಕಾರಕ್ಕೆ ಬಿಟ್ಟುಕೊಡುವ ಒಪ್ಪಂದವಾಯಿತು. ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಮರ ಕಡಿದುಕೊಳ್ಳುವ ಹಕ್ಕುಗಳು ಒಪ್ಪಂದದಲ್ಲಿ ಉಳಿದಿದ್ದವು. 1910ರಲ್ಲಿ ಆ ನೆಲದ ಬಹುಭಾಗ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಪಾಲಾದ ಮೇಲೆ ಅವನ್ನೂ ನಿರಾಕರಿಸಲಾಯಿತು. ಹಸಿದವನೊಡನೆ ಮಾಡಿಕೊಂಡ ಇಂಥ ವ್ಯವಹಾರವನ್ನು ಮಾರಾಟವೆನ್ನುವುದು ಕಾಗದದ ಮಟ್ಟಿಗೆ ಮಾತ್ರ ಸರಿ.

ಬ್ಲ್ಯಾಕ್‌ಫೂಟ್ ಕಥನಗಳು ನೆಲವನ್ನು ಬಿಟ್ಟು ನಿಲ್ಲುವಂಥವಲ್ಲ. 'ಮುದುಕ' ಎಂದೇ ಕರೆಯಲಾಗುವ ನಾಪಿ ಅವರ ಪುರಾಣದ ಸೃಷ್ಟಿಕರ್ತ, ಕಿಡಿಗೇಡಿಯೂ ಅವನೇ. ಆಲ್ಬರ್ಟಾದ ಓಲ್ಡ್‌ಮನ್ ನದಿಗೆ ಅವನದೇ ಹೆಸರು. ಚೀಫ್ ಮೌಂಟನ್ ಎಂದು ನಕ್ಷೆಗಳಲ್ಲಿ ಕಾಣುವ ಶಿಖರ ಅವರಿಗೆ ವ್ರತಸ್ಥರಾಗಿ ಉಪವಾಸವಿರುವ 'ನಿನೈಸ್ತಾಕೊ'. ಹೀಗಿರುವಾಗ ವಸತಿ ಶಾಲೆಗಳಲ್ಲಿ ಮಕ್ಕಳ ಬಾಯಿಂದ ಭಾಷೆಯನ್ನು ಕಿತ್ತುಕೊಂಡದ್ದು ನೆಲವನ್ನು ಎರಡನೆಯ ಬಾರಿ ಕಸಿದುಕೊಂಡಂತೆಯೇ ಆಯಿತು. 1987ರಲ್ಲಿ ಡಾರೆಲ್ ಕಿಪ್ ಮತ್ತು ಸಂಗಡಿಗರು ಮೊಂಟಾನಾದಲ್ಲಿ ಪೀಗನ್ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿ, ಮುಂದೆ ಬ್ಲ್ಯಾಕ್‌ಫೂಟ್ ಭಾಷೆಯಲ್ಲಿಯೇ ಪಾಠ ನಡೆಯುವ ಶಾಲೆಯನ್ನು ಕಟ್ಟಿದರು.

ಪವಿತ್ರ ಗಂಟುಗಳ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಚರ್ಮ, ಗರಿ, ಚಿಲುಮೆ ಮೊದಲಾದವನ್ನು ಕಟ್ಟಿಟ್ಟ ಈ ಗಂಟುಗಳನ್ನು ಸಮುದಾಯವು ಜೀವವುಳ್ಳವೆಂದೇ ಕಾಣುತ್ತದೆ. ವಿಧಿಪೂರ್ವಕವಾಗಿ ಅವು ಒಬ್ಬ ಪಾಲಕನಿಂದ ಇನ್ನೊಬ್ಬನಿಗೆ ಸಾಗಬೇಕು, ಹಾಡಿನೊಡನೆ ಬಿಚ್ಚಲ್ಪಡಬೇಕು. ಬಡತನದ ಕಾಲದಲ್ಲಿ ಅವು ಸಂಗ್ರಾಹಕರ ಕೈಸೇರಿ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಕುಳಿತವು. 2000ದಲ್ಲಿ ಆಲ್ಬರ್ಟಾ ಸರ್ಕಾರ ಕಾನೂನು ಮಾಡಿದ ಮೇಲೆ ಕ್ಯಾಲ್ಗರಿಯ ಗ್ಲೆನ್‌ಬೋ ಸಂಗ್ರಹಾಲಯವು 251 ಪವಿತ್ರ ವಸ್ತುಗಳನ್ನು ಹಿಂದಿರುಗಿಸಿತು. ಗಂಟು ಬಂದರೆ ಸಾಲದು, ಅದರ ಹಾಡು ಬಲ್ಲ ಹಿರಿಯರೂ ಬದುಕಿರಬೇಕು. ಕೆಲವರು ಬದುಕಿದ್ದರು, ಕಿರಿಯರು ಅವರ ಬಳಿ ಕುಳಿತು ಕಲಿತರು.

ಬೈಸನ್ ಮರಳಿದ್ದು ಬಹಳ ಸುತ್ತುದಾರಿಯಲ್ಲಿ. 1870ರ ದಶಕದಲ್ಲಿ ಬ್ಲ್ಯಾಕ್‌ಫೂಟ್ ನಾಡಿನಿಂದ ಕೆಲವು ಕರುಗಳನ್ನು ಪರ್ವತದಾಚೆಗೆ ಒಯ್ಯಲಾಗಿತ್ತು. ಅವುಗಳ ಸಂತತಿ ಬೆಳೆದು ಹಿಂಡಾಯಿತು. 1907ರಿಂದ ಕೆನಡಾ ಸರ್ಕಾರ ಆ ಹಿಂಡನ್ನು ಕೊಂಡಿತು. ಒಂದು ಭಾಗ ಎಲ್ಕ್ ಐಲೆಂಡ್ ಉದ್ಯಾನದಲ್ಲಿ ಉಳಿಯಿತು. 2014ರಲ್ಲಿ ಗಡಿಯ ಎರಡೂ ಬದಿಯ ಮೂಲನಿವಾಸಿಗಳು ಸರ್ಕಾರಗಳ ಮಧ್ಯಸ್ಥಿಕೆಯಿಲ್ಲದೆ ಬೈಸನ್ ಒಪ್ಪಂದಕ್ಕೆ ಸಹಿ ಹಾಕಿದರು. 2016ರಲ್ಲಿ ಎಲ್ಕ್ ಐಲೆಂಡಿನಿಂದ 80ಕ್ಕೂ ಹೆಚ್ಚು ಎಳೆಯ ಬೈಸನ್‌ಗಳು ಮೊಂಟಾನಾದ ಬ್ಲ್ಯಾಕ್‌ಫೀಟ್ ಮೀಸಲು ಪ್ರದೇಶಕ್ಕೆ ಬಂದಿಳಿದವು.

2023ರ ಜೂನ್ ತಿಂಗಳಲ್ಲಿ ಒಂದು ಹಿಂಡನ್ನು ನಿನೈಸ್ತಾಕೊ ಶಿಖರದ ಬಳಿ ಬೇಲಿಯಾಚೆಗೆ ಬಿಡಲಾಯಿತು. ಗ್ಲೇಸಿಯರ್ ಉದ್ಯಾನದೊಳಕ್ಕೂ ಗಡಿಯಾಚೆಯ ವಾಟರ್ಟನ್ ಕಡೆಗೂ ಅವು ತಮ್ಮಿಷ್ಟದಂತೆ ಸಾಗಬಹುದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬ್ಲ್ಯಾಕ್‌ಫೂಟ್ ಸೃಷ್ಟಿಕಥೆಗಳ ನೆಲೆಯಾದ ಬ್ಯಾಜರ್-ಟೂ ಮೆಡಿಸಿನ್ ಪ್ರದೇಶದಲ್ಲಿ 1982ರಿಂದ ಉಳಿದುಕೊಂಡು ಬಂದಿದ್ದ ಕೊನೆಯ ತೈಲ ಗುತ್ತಿಗೆ ರದ್ದಾಯಿತು.