ಕರೆಂಟು ಬಂದಾಗ ನಮ್ಮ ಮನೆಯಲ್ಲಿ 1970

2024ರ ಜುಲೈ ಕೊನೆಯ ವಾರದ ಮಳೆ ಮಲೆನಾಡಿನವರಿಗೆ ನೆನಪಿರಬೇಕು. ದೊಡ್ಡತಪ್ಪಲಿನ ಹತ್ತಿರ ಗುಡ್ಡ ಜರಿದು ಶಿರಾಡಿ ಘಾಟಿಯಲ್ಲಿ ಗಾಡಿಗಳು ನಿಂತಿದ್ದವು. ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಪಕ್ಕದ ಮಣ್ಣು ಜಾರಿ ರೈಲೂ ನಿಂತಿತ್ತು. ಹೆತ್ತೂರಿನ ನಮ್ಮ ಮನೆಯಲ್ಲಿ ಕರೆಂಟು ಹೋಗಿ ನಾಲ್ಕು ದಿನ. ಎರಡನೇ ದಿನಕ್ಕೆ ಟವರಿನ ಬ್ಯಾಟರಿಯೂ ಖಾಲಿಯಾಗಿ ಮೊಬೈಲು ಸತ್ತಿತು. ಮನೆಯಲ್ಲಿ ಅಪ್ಪಯ್ಯ ಒಬ್ಬರೇ.

ಹಿಂದಿನ ವರ್ಷ ಅವರು ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಬೆಂಗಳೂರಿಗೆ ಬನ್ನಿ ಅಂದರೆ ಬರುವವರಲ್ಲ. ಸರಿ, ಅಂತ ನಾನೇ ನನ್ನ ಬುದ್ಧಿವಂತಿಕೆ ಖರ್ಚು ಮಾಡಿದೆ. ಹಜಾರಕ್ಕೊಂದು ವೈ-ಫೈ ಕ್ಯಾಮೆರಾ, ಗೀಸರಿಗೊಂದು ಸ್ಮಾರ್ಟ್ ಪ್ಲಗ್ಗು, ಬಚ್ಚಲಿಗೆ ಹೋಗುವ ಓಣಿಯಲ್ಲಿ ಎರಡು ಸ್ಮಾರ್ಟ್ ಬಲ್ಬು. ಕತ್ತಲಾದರೆ ತಾನೇ ಹತ್ತುತ್ತದೆ, ಬೆಳಗಾದರೆ ತಾನೇ ಆರುತ್ತದೆ. ಗೋಡೆಯ ಸ್ವಿಚ್ಚನ್ನು ಅಪ್ಪಯ್ಯ ಅಭ್ಯಾಸಬಲದಿಂದ ಆರಿಸಿಬಿಟ್ಟರೆ ಬಲ್ಬಿಗೆ ಜೀವವೇ ಇರುವುದಿಲ್ಲವಲ್ಲ, ಅದಕ್ಕೆ ಸ್ವಿಚ್ಚಿನ ಮೇಲೆ ಟೇಪು ಸುತ್ತಿ 'ಮುಟ್ಟಬೇಡಿ' ಅಂತ ಬರೆದು ಬಂದಿದ್ದೆ.

ಐದನೇ ದಿನ ಸಂಜೆ ನನ್ನ ಮೊಬೈಲಿನಲ್ಲಿ ಕ್ಯಾಮೆರಾ ತೆರೆದುಕೊಂಡಿತು. ಅಪ್ಪಯ್ಯನ ಕುರ್ಚಿ ಖಾಲಿ. ಮೂಲೆಯಲ್ಲಿ ದಿನಾಂಕ 1-1-1970, ಸಮಯ ಬೆಳಿಗ್ಗೆ 5.34. ಅರ್ಧ ನಿಮಿಷ ಇದ್ದು ಚಿತ್ರ ಮಾಯ. ಖಾಲಿ ಕುರ್ಚಿ ನೋಡಿದ ಮೇಲೆ ಏನೂ ಕಾಣದೆ ಇರುವುದು ಎಂಥಾ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಮುಕ್ಕಾಲು ಗಂಟೆ ಬಿಟ್ಟು ಅಪ್ಪಯ್ಯನ ಫೋನು ಬಂತು. ಸಿಗ್ನಲ್ಲಿಗಾಗಿ ತೋಟದ ದಿಣ್ಣೆ ಹತ್ತಿದ್ದರು.

"ಕರೆಂಟು ಬಂದದೆ, ಹೋಗ್ತದೆ, ಬರ್ತದೆ. ನಿನ್ನ ಲೈಟು ಮಾತ್ರ ಕಣ್ಣು ಹೊಡೀತಾ ಅದೆ ಮಗ. ಅದರ ಬೆಳಕಲ್ಲಿ ನಡೆದ್ರೆ ತಲೆ ತಿರುಗ್ತದೆ. ಗೋಡೆ ಹಿಡ್ಕಂಡು ಹೋಗಿ ಬಂದೆ."

"ಸ್ವಿಚ್ ಆರಿಸಿ ಟಾರ್ಚ್ ಹಿಡ್ಕೊಂಡು ಹೋಗೋದಲ್ವಾ ಅಪ್ಪಯ್ಯ?"

"ಮುಟ್ಟಬೇಡಿ ಅಂತ ನೀನೇ ಬರ್ದಿದ್ದೀಯಲ್ಲ."

ಮಾರನೇ ದಿನ ಬೆಳಿಗ್ಗೆಯೇ ಹೊರಟೆ.

ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ 1970. ಉತ್ತರ ಸರಳ. ಯುನಿಕ್ಸ್ ಕಟ್ಟಿದವರು ಕಾಲವನ್ನು 1970ರ ಜನವರಿ 1ರ ನಡುರಾತ್ರಿಯಿಂದ ಸೆಕೆಂಡುಗಳಲ್ಲಿ ಎಣಿಸುವ ಪದ್ಧತಿ ಮಾಡಿದರು. ಆ ನಡುರಾತ್ರಿ ಗ್ರೀನಿಚ್ಚಿನದು, ನಮಗೆ ಬೆಳಿಗ್ಗೆ ಐದೂವರೆ. ಅಗ್ಗದ ಕ್ಯಾಮೆರಾದೊಳಗೆ ಗಡಿಯಾರಕ್ಕೆ ಪುಟ್ಟ ಶೆಲ್ಲು ಇರುವುದಿಲ್ಲ. ಕರೆಂಟು ಹೋದರೆ ಕಾಲ ಮರೆತು, ಬಂದಾಗ ಸೊನ್ನೆಯಿಂದ ಎಣಿಸುತ್ತದೆ. ಆಮೇಲೆ ಇಂಟರ್ನೆಟ್ಟು ಸಿಕ್ಕಿದರೆ ಸರಿಯಾದ ಸಮಯ ಕೇಳಿ ತಿದ್ದಿಕೊಳ್ಳುತ್ತದೆ. ಹೀಗೆ ಸಮಯ ಕೇಳುವ ಕ್ರಮವನ್ನು 1985ರಲ್ಲಿ ರೂಪಿಸಿಕೊಟ್ಟವರು ಅಮೆರಿಕದ ಡೇವಿಡ್ ಮಿಲ್ಸ್. ಅವರು ತೀರಿಕೊಂಡದ್ದು ಇದೇ 2024ರ ಜನವರಿಯಲ್ಲಿ.

ಹಾಗಾದರೆ ನಿಜವಾದ 1970ರಲ್ಲಿ ನಮ್ಮ ಮನೆಯಲ್ಲಿ ಏನಿತ್ತು? ಕರೆಂಟು ಇರಲಿಲ್ಲ. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶರಾವತಿಯ ದೊಡ್ಡ ಯೋಜನೆ ಶುರುವಾದದ್ದು ಅರವತ್ತರ ದಶಕದಲ್ಲಿ. ಅದೇ ರಾಜ್ಯದ ಹೆತ್ತೂರಿನ ನಮ್ಮ ಮನೆಗೆ ಕರೆಂಟು ಮುಟ್ಟುವ ಹೊತ್ತಿಗೆ ನಾನು ಮೂರನೇ ಕ್ಲಾಸು.

ಆದರೆ ರೇಡಿಯೋ ಇತ್ತು! ಅಜ್ಜ ಎಲ್ಲಿಂದಲೋ ಹಳೆಯದೊಂದು ವಾಲ್ವ್ ರೇಡಿಯೋ ಕೊಂಡು ತಂದಿದ್ದರಂತೆ. ಇಟ್ಟಿಗೆಯಂಥ ಬ್ಯಾಟರಿ. ಎರಡು ಅಡಿಕೆ ಮರಗಳ ನಡುವೆ ತಾಮ್ರದ ತಂತಿಯ ಏರಿಯಲ್. ಇನ್ನೊಂದು ತಂತಿ ಕಿಟಕಿಯಿಂದಿಳಿದು ನೆಲಕ್ಕೆ, ಅದೇ ಅರ್ತು. ಬೇಸಿಗೆಯಲ್ಲಿ ಅರ್ತಿನ ಬುಡಕ್ಕೆ ದಿನಾ ಒಂದು ಚೊಂಬು ನೀರು ಹಾಕುವುದು ಹುಡುಗನಾಗಿದ್ದ ಅಪ್ಪಯ್ಯನ ಕೆಲಸ. ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಹಾಕಿಸಬೇಕು. ಈ ಪದ್ಧತಿ ರದ್ದಾಗಿದ್ದು ಎಂಬತ್ತರ ದಶಕದಲ್ಲಿ.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದ್ದು 1935ರಲ್ಲಿ, ಅದೂ 30 ವ್ಯಾಟಿನ ಪ್ರಸಾರಕದಿಂದ. ಇವತ್ತು ಒಂದು ಫ್ಯಾನಿಗೂ ಅದಕ್ಕಿಂತ ಹೆಚ್ಚು ವ್ಯಾಟು ಬೇಕಾಗುವುದುಂಟು :) ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು.

ಅಂದರೆ ನಮ್ಮ ಮನೆಗೆ ತಂತಿಗಿಂತ ಮೊದಲು ತಂತಿಯಿಲ್ಲದ್ದು ಬಂದಿತ್ತು. ಅಜ್ಜನ 'ವೈರ್‌ಲೆಸ್ಸು' ಕರೆಂಟಿನ ಹಂಗಿಲ್ಲದೆ ಮಾತಾಡುತ್ತಿತ್ತು. ನನ್ನ ವೈರ್‌ಲೆಸ್ಸಿಗೆ ಕರೆಂಟು ಬೇಕು, ಕೇಬಲ್ ಬೇಕು, ರೂಟರ್ ಬೇಕು, ಎಲ್ಲೋ ಸಮುದ್ರದಾಚೆಯ ಕಂಪ್ಯೂಟರು ಹೂಂ ಅನ್ನಬೇಕು. ಹೆಸರಿಗೆ ಮಾತ್ರ ತಂತಿಯಿಲ್ಲದ್ದು.

ಮನೆ ಮುಟ್ಟಿದಾಗ ಅಪ್ಪಯ್ಯ ಜಗಲಿಯಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಹಾಸನ ಆಕಾಶವಾಣಿ ಕೇಳುತ್ತಿದ್ದರು. ನಾಲ್ಕು ದಿನವೂ ಅದೊಂದೇ ಮಾತಾಡಿದ್ದಂತೆ. "ರಸ್ತೆ ಬಂದಾದದ್ದೆಲ್ಲ ನಂಗೆ ನಿನಗಿಂತ ಮೊದ್ಲೇ ಗೊತ್ತಿತ್ತು" ಅಂದರು. ನಾನು ಸ್ಕ್ರೂಡ್ರೈವರ್ ಹಿಡಿದು ಕೂತೆ. ಮೂರು ಗಂಟೆ ಒದ್ದಾಡಿದ ಮೇಲೆ ಗೊತ್ತಾಗಿದ್ದು ಇಷ್ಟು.

ಬಲ್ಬು ಕಣ್ಣು ಹೊಡೆಯುತ್ತಿದ್ದದ್ದು ಕೆಟ್ಟು ಅಲ್ಲ. ಇಂಥ ಬಲ್ಬಿಗೆ ಗುಂಡಿ ಇಲ್ಲದಿರುವುದರಿಂದ, ಬೇಗ ಬೇಗ ಮೂರೋ ಐದೋ ಸಲ ಆರಿಸಿ ಹತ್ತಿಸಿದರೆ 'ಎಲ್ಲ ಮರೆತುಬಿಡು' ಅಂತ ಅರ್ಥ. ಇದನ್ನು ಯೋಚಿಸಿದವರ ಊರಿನಲ್ಲಿ ಕರೆಂಟು ಒಂದೇ ಸಲಕ್ಕೆ ಬರುತ್ತದೇನೋ. ನಮ್ಮಲ್ಲಿ ಬರುವಾಗ ನಾಲ್ಕು ಸಲ ಇಣುಕಿ ನೋಡಿಯೇ ಬರುವುದು! ಬಲ್ಬು ವೈ-ಫೈ ಹೆಸರು, ಪಾಸ್‌ವರ್ಡು ಎಲ್ಲ ಮರೆತು, ಹೊಸದಾಗಿ ಸೇರಿಸಿಕೊಳ್ಳಿ ಅಂತ ಕಣ್ಣು ಮಿಟುಕಿಸುತ್ತಿತ್ತು.

ಪ್ಲಗ್ಗಿನದು ಬೇರೆ ಕತೆ. ಅದು ಕರೆಂಟು ಬಂದ ಕೆಲವೇ ಸೆಕೆಂಡಿಗೆ ಏಳುತ್ತದೆ, ರೂಟರ್ ಏಳಲು ಎರಡು ಮೂರು ನಿಮಿಷ. ಪ್ಲಗ್ಗು ನಾಲ್ಕು ಸಲ ಕರೆದು, ಯಾರೂ ಓ ಅನ್ನದಿದ್ದಾಗ ಸುಮ್ಮನಾಯಿತು. ಇಲ್ಲಿ ಹವಾಯಿ ನೆನಪಾಗುತ್ತದೆ. 1971ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಯವರು ದ್ವೀಪಗಳ ನಡುವೆ ಕಂಪ್ಯೂಟರು ಮಾತುಕತೆಗೆ ರೇಡಿಯೋ ಬಳಸಿದರು. ಅದರ ಹೆಸರು ಅಲೋಹಾನೆಟ್. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಹಾಳು. ಅದಕ್ಕೆ ಉಪಾಯ: ಉತ್ತರ ಬಾರದಿದ್ದರೆ ಒಬ್ಬೊಬ್ಬರೂ ತಮಗೆ ತೋಚಿದಷ್ಟು ಹೊತ್ತು ಕಾಯ್ದು ಮತ್ತೆ ಹೇಳಬೇಕು. ಅದೇ ಯೋಚನೆ 1973ರಲ್ಲಿ ಈಥರ್ನೆಟ್ಟಿಗೂ, 1997ರಲ್ಲಿ ಬಂದ ವೈ-ಫೈನ ಮೊದಲ ಪ್ರಮಾಣಕ್ಕೂ ದಾರಿಯಾಯಿತು. ಕಾಯುವುದೇ ತಂತಿಯಿಲ್ಲದ ಮಾತಿನ ಮೊದಲ ಪಾಠ. ನನ್ನ ಪ್ಲಗ್ಗು ಅದನ್ನು ಅರ್ಧ ಮಾತ್ರ ಕಲಿತಿತ್ತು.

ಕ್ಯಾಮೆರಾದ ತಪ್ಪು ನನ್ನದೇ. ಮನೆಯೊಳಗಿನ ಪ್ರತಿ ಸಾಮಾನಿಗೂ ರೂಟರ್ ಒಂದು ನಂಬರು ಹಂಚುತ್ತದೆ. ನಾನು ಜಾಣತನ ಮಾಡಿ ಕ್ಯಾಮೆರಾದೊಳಗೆ ಒಂದು ನಂಬರು ಖಾಯಂ ಬರೆದಿದ್ದೆ, ರೂಟರಿಗೆ ಹೇಳಿರಲಿಲ್ಲ. ಹೊಸದಾಗಿ ಎದ್ದ ರೂಟರ್ ಅದೇ ನಂಬರನ್ನು ಇನ್ನೊಂದು ಬಲ್ಬಿಗೆ ಕೊಟ್ಟಿತ್ತು. ಒಂದೇ ಮನೆ ನಂಬರಿಗೆ ಇಬ್ಬರು, ಪೋಸ್ಟ್‌ಮ್ಯಾನ್ ಏನು ಮಾಡಿಯಾನು?

ಈಗಿನ ಕ್ರಮ ಹೀಗೆ: ಕರೆಂಟು ಹೋದಾಗಲೇ ಎಲ್ಲದರ ಸ್ವಿಚ್ ಆರಿಸುವುದು. ಬಂದು ಹತ್ತು ನಿಮಿಷ ನಿಂತಿತು ಅಂತಾದ ಮೇಲೆ ಮೊದಲು ಕೇಬಲ್‌ನವರ ಡಬ್ಬಿ. ಅದರ ದೀಪ ಅಲುಗದೆ ನಿಂತ ಮೇಲೆ ರೂಟರ್. ಒಂದು ಲೋಟ ಕಾಫಿ ಕುಡಿಯುವಷ್ಟು ಕಾಯುವುದು. ಆಮೇಲೆ ಕ್ಯಾಮೆರಾ, ಪ್ಲಗ್ಗು, ಕೊನೆಗೆ ಬಲ್ಬು, ಒಂದೊಂದಾಗಿ. ಕ್ಯಾಮೆರಾದ ನಂಬರನ್ನು ರೂಟರಿನಲ್ಲೇ ಕಾದಿರಿಸಿದೆ.

ಇದನ್ನು ಅಪ್ಪಯ್ಯನಿಗೆ ಹೇಗೆ ಹೇಳುವುದು ಅಂತ ತಡಕಾಡುತ್ತಿದ್ದೆ. ಅವರೇ ಅಂದರು, "ಅಂದ್ರೆ ಏರಿಯಲ್ ಮೊದ್ಲು, ಅರ್ತು ಆಮೇಲೆ, ಸ್ವಿಚ್ಚು ಕೊನೆಗೆ. ಅಷ್ಟೇ ತಾನೆ? ನಮ್ಮಪ್ಪ ಹೇಳ್ಕೊಟ್ಟಿದ್ದು ಅದೇ."

ಅಷ್ಟೇ ಅಪ್ಪಯ್ಯ.

ಹೊರಡುವ ಮೊದಲು ಓಣಿಯ ಎರಡೂ ಸ್ಮಾರ್ಟ್ ಬಲ್ಬು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಅಲ್ಲಿಗೆ ಸಾದಾ ಬಲ್ಬು, ಜೊತೆಗೆ ಕರೆಂಟು ಹೋದರೆ ತಾನೇ ಹತ್ತಿಕೊಳ್ಳುವ ಬ್ಯಾಟರಿಯ ಬಲ್ಬೊಂದು. ಸ್ವಿಚ್ಚಿನ ಮೇಲಿನ ಟೇಪು ಕಿತ್ತೆ. ಟೇಪಿನ ಜೊತೆ ಸ್ವಲ್ಪ ಸುಣ್ಣವೂ ಬಂತು. ಅಪ್ಪಯ್ಯ ಹತ್ತಿರ ಬಂದು ಒಂದು ಸಲ ಒತ್ತಿದರು, ಆರಿಸಿದರು, ಮತ್ತೆ ಒತ್ತಿದರು. ಏನೂ ಹೇಳಲಿಲ್ಲ.

ಕ್ಯಾಮೆರಾ ಮಾತ್ರ ಈಗಲೂ ಇದೆ. ಮಳೆಗಾಲದಲ್ಲಿ ಆಗಾಗ 1970 ತೋರಿಸುತ್ತದೆ. ಮೊದಲಿನಷ್ಟು ಹೆದರಿಕೆಯಾಗುವುದಿಲ್ಲ. ಕರೆಂಟು ಈಗ ತಾನೇ ಬಂದಿದೆ, ಅಪ್ಪಯ್ಯ ಕಾಫಿ ಕುಡಿದು ಒಂದೊಂದೇ ಸ್ವಿಚ್ ಹಾಕುತ್ತಿದ್ದಾರೆ ಅಂದುಕೊಂಡು ನಾನೂ ಕಾಯುತ್ತೇನೆ.

ನಿಮ್ಮ ಮನೆಗಳಲ್ಲೂ ಅರ್ತಿಗೆ ನೀರು ಹಾಕಿದವರು ಯಾರಾದರೂ ಇದ್ದರೆ ಕೇಳಿ ಬರೆಯಿರಿ. ಆ ನೆನಪುಗಳಿಗೆ ಬ್ಯಾಟರಿ ಕಮ್ಮಿಯಾಗುತ್ತಾ ಬಂದಿದೆ.