ಹ್ಯಾಂಡ್‌ಬಾಲ್: ಅರ್ಧ ಹೆಜ್ಜೆಗಾಗಿ ನಡೆದ ದೀರ್ಘ ಓಟ

ಹ್ಯಾಂಡ್‌ಬಾಲ್ ಅಂದ ತಕ್ಷಣ ನಮ್ಮಲ್ಲಿ ಅನೇಕರಿಗೆ ಸ್ಕೂಲಿನ ಥ್ರೋಬಾಲ್ ನೆನಪಾಗುತ್ತೆ. ಅದು ಬೇರೆ, ಇದು ಬೇರೆ. ಇಲ್ಲಿ ನಡುವೆ ನೆಟ್ ಇಲ್ಲ. ಏಳೇಳು ಜನರ ಎರಡು ತಂಡ, ಎರಡು ಗೋಲು, ಕೈಯಲ್ಲಿ ಚೆಂಡು. ಈ ಆಟದಲ್ಲಿ ದಾಳಿಯ ಕಲೆ ಹೇಗೆ ಬೆಳೀತು, 2016ರ ಒಂದು ನಿಯಮ ಅದಕ್ಕೇ ಹೇಗೆ ಸವಾಲು ಹಾಕ್ತು ಅನ್ನೋದನ್ನ ಇವತ್ತು ಹೇಳ್ತೀನಿ.

ಮೊದಲು ಇದು ಬಯಲಿನ ಆಟ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ದೊಡ್ಡ ಹುಲ್ಲಿನ ಮೈದಾನದಲ್ಲಿ ತಂಡಕ್ಕೆ 11 ಜನ ಆಡಿದ್ರು. ಫೈನಲ್‌ನಲ್ಲಿ ಜರ್ಮನಿ 10-6ರಿಂದ ಆಸ್ಟ್ರಿಯಾವನ್ನು ಸೋಲಿಸಿತು. ಓಡೋಕೆ ಜಾಗಕ್ಕೆ ಬರ ಇರಲಿಲ್ಲ.

ಆದರೆ ಡೆನ್ಮಾರ್ಕ್, ಸ್ವೀಡನ್‌ನಂಥ ಉತ್ತರದ ದೇಶಗಳಲ್ಲಿ ಚಳಿಗಾಲ ದೀರ್ಘ. ಅಲ್ಲಿ ಆಟ ಸೂರಿನ ಕೆಳಗೆ ಬಂತು. ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲಕ್ಕೆ ಕುಗ್ಗಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಹ್ಯಾಂಡ್‌ಬಾಲ್ ಮರಳಿದ್ದು ಈ ಒಳಾಂಗಣದ ರೂಪದಲ್ಲೇ. ಆಗ ಚಿನ್ನ ಗೆದ್ದಿದ್ದು ಯುಗೊಸ್ಲಾವಿಯಾ.

ಜಾಗ ಕುಗ್ಗಿದಾಗ ಕಷ್ಟ ಶುರುವಾಯ್ತು. ಗೋಲಿನ ಮುಂದೆ 6 ಮೀಟರ್ ಗೆರೆ. ಅದರೊಳಗೆ ಗೋಲ್‌ಕೀಪರ್ ಬಿಟ್ಟು ಯಾರೂ ಕಾಲಿಡೋ ಹಾಗಿಲ್ಲ. ಗೆರೆಯ ಹೊರಗೆ ಆರು ಜನ ರಕ್ಷಕರು ಗೋಡೆ ಥರ ನಿಲ್ತಾರೆ. ಚೆಂಡನ್ನ ಪುಟಿಸದೆ ಹಿಡ್ಕೊಂಡು ಇಡಬಹುದಾದ್ದು ಮೂರೇ ಹೆಜ್ಜೆ, ಮೂರೇ ಸೆಕೆಂಡ್. ಈ ಗೋಡೆ ಒಡೆಯೋದು ಹೇಗೆ?

ಮೊದಲ ಉತ್ತರ ಕಾಲಲ್ಲಿತ್ತು. ದಾಳಿಗಾರ ಒಬ್ಬ ರಕ್ಷಕನ ಎದುರಿಗೆ ಓಡಲ್ಲ, ಇಬ್ಬರ ನಡುವಿನ ಸಂದಿಗೆ ಓಡ್ತಾನೆ. ಇಬ್ಬರೂ ಅವನ ಕಡೆ ವಾಲ್ತಾರೆ. ಅಷ್ಟರಲ್ಲಿ ಚೆಂಡು ಪಕ್ಕದವನ ಕೈಲಿ. ಅವನೂ ಆಗಲೇ ಓಡ್ತಾ ಇದ್ದಾನೆ, ಹಾಗಾಗಿ ಅವನಿಗೆ ಅರ್ಧ ಹೆಜ್ಜೆ ಲಾಭ. ಈ ಲಾಭ ಕೈಯಿಂದ ಕೈಗೆ ದಾಟಿ ಅಂಚಿಗೆ ಬರೋ ಹೊತ್ತಿಗೆ ಅಲ್ಲಿ ವಿಂಗ್ ಆಟಗಾರ ಒಬ್ಬನೇ ಇರ್ತಾನೆ. ಇತ್ತ ಪಿವೋಟ್ ರಕ್ಷಕರ ಮಧ್ಯೆಯೇ ನಿಂತು ಅವರ ದಾರಿಗೆ ಅಡ್ಡವಾಗ್ತಾನೆ.

ಎರಡನೇ ಉತ್ತರ ಜರ್ಮನಿಯ ಬರ್ನ್‌ಹಾರ್ಡ್ ಕೆಂಪಾ ಅವರದ್ದು. ಗೆರೆಯೊಳಗಿನ ನೆಲ ಮುಟ್ಟಬಾರದು, ಸರಿ. ಗಾಳಿ? ಗೆರೆಯ ಹೊರಗಿಂದ ಹಾರಿ, ಗಾಳಿಯಲ್ಲೇ ಪಾಸ್ ಹಿಡಿದು, ಕಾಲು ಊರೋ ಮೊದಲೇ ಗೋಲಿಗೆ ಎಸೆಯೋದು! 1954ರಲ್ಲಿ ಸ್ವೀಡನ್ ವಿರುದ್ಧ ಅವರು ಇದನ್ನ ಮಾಡಿ ತೋರಿಸಿದ್ರು. ಇವತ್ತಿಗೂ ಇದಕ್ಕೆ ಕೆಂಪಾ ಟ್ರಿಕ್ ಅಂತಲೇ ಹೆಸರು.

ಮೂರನೇ ಉತ್ತರ ಬಂದಿದ್ದು ನಿಯಮ ಪುಸ್ತಕದಿಂದ. ಗೋಲ್‌ಕೀಪರ್‌ನ ಹೊರಗೆ ಕಳಿಸಿ ಏಳನೇ ದಾಳಿಗಾರನನ್ನ ಇಳಿಸೋದು ಮೊದಲೂ ಸಾಧ್ಯವಿತ್ತು. ಆದರೆ ಅವನು ಗೋಲ್‌ಕೀಪರ್ ಬಣ್ಣದ ಅಂಗಿ ತೊಡಬೇಕಿತ್ತು. 2016ರಲ್ಲಿ ಆ ಷರತ್ತು ಹೋಯ್ತು. ಯಾರು ಬೇಕಾದ್ರೂ ಇಳಿಯಬಹುದು, ಯಾರು ಬೇಕಾದ್ರೂ ಹೊರಗೆ ಓಡಬಹುದು. ಆರು ರಕ್ಷಕರಿಗೆ ಏಳು ದಾಳಿಗಾರರು ಅಂದ್ರೆ ಲೆಕ್ಕದ ಪ್ರಕಾರ ಒಬ್ಬ ಯಾವಾಗಲೂ ಖಾಲಿ. ಇದಕ್ಕೆ ಬೆಲೆಯೂ ಇದೆ: ಚೆಂಡು ಕಳ್ಕೊಂಡ್ರೆ ಎದುರಾಳಿ ಅಂಗಳದ ಆ ತುದಿಯಿಂದಲೇ ಖಾಲಿ ಗೋಲಿಗೆ ಎಸೀತಾನೆ.

ನನಗೆ ತಕರಾರು ಇರೋದು ಇಲ್ಲೇ. ಓಡಿ ಗಳಿಸಬೇಕಿದ್ದ ಅನುಕೂಲ ಈಗ ತಲೆ ಎಣಿಕೆಯಿಂದಲೇ ಸಿಗುತ್ತೆ. ಎರಡು ನಿಮಿಷದ ಶಿಕ್ಷೆಗೆ ಒಬ್ಬ ಹೊರಗೆ ಹೋದ್ರೂ ತಂಡಗಳು ಗೋಲು ಖಾಲಿ ಬಿಟ್ಟು ದಾಳಿಯಲ್ಲಿ ಸರಿಸಮ ಆಗ್ತವೆ. ಶಿಕ್ಷೆಯ ಬಿಸಿ ಕಡಿಮೆ ಆಯ್ತು. ಸಣ್ಣ ತಂಡಗಳಿಗೂ ಒಂದು ಅಸ್ತ್ರ ಸಿಕ್ತಲ್ಲ ಅನ್ನೋರ ಮಾತೂ ಸುಳ್ಳಲ್ಲ, ಒಪ್ತೀನಿ. ಆದರೂ ಏಳು ಜನ ನಿಂತಲ್ಲೇ ಚೆಂಡು ದಾಟಿಸ್ತಾ ಖಾಲಿ ಇರೋನನ್ನ ಹುಡುಕೋವಾಗ ಆ ಓಟದ ರುಚಿ ನನಗೆ ಸಿಗಲ್ಲ.

ಸುಮ್ನೆ ಕಾಲ ಕಳೆಯೋಕೂ ಬಿಡಲ್ಲ ಅನ್ನೋದು ಸಮಾಧಾನ. ರೆಫರಿ ಕೈ ಎತ್ತಿ ಎಚ್ಚರಿಸಿದ ಮೇಲೆ 2016ರಲ್ಲಿ ಆರು ಪಾಸ್‌ಗೆ ಅವಕಾಶ ಇತ್ತು. 2022ರಿಂದ ನಾಲ್ಕೇ.

ಫೋನಲ್ಲಿ ಒಂದು ಮ್ಯಾಚ್ ಹಾಕಿ ನೋಡಿ. ಚೆಂಡು ಬಿಟ್ಟು, ಚೆಂಡಿಲ್ಲದವರ ಕಾಲು ಗಮನಿಸಿ. ಗೋಲು ಅಲ್ಲೇ ಹುಟ್ಟೋದು. ಇವತ್ತಿಗೆ ಇಷ್ಟು, ಮತ್ತೆ ಸಿಗೋಣ.