ಬೆಂಗಳೂರಿನಿಂದ ಹೊರಗೆ ಹೋಗುವ ರಸ್ತೆ ಬೆಳಿಗ್ಗೆ ಖಾಲಿ ಇರುತ್ತದೆಯೇ?

ಹಬ್ಬ ಹತ್ತಿರ ಬಂದಾಗ ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತದೆ. ಬೆಳಿಗ್ಗೆ ಎಲ್ಲರೂ ಬೆಂಗಳೂರಿನ ಒಳಗೆ ಬರುತ್ತಾರೆ, ನೀವು ಹೊರಗೆ ಹೊರಡಿ, ರಸ್ತೆ ಖಾಲಿ ಇರುತ್ತದೆ ಎಂದು. ಕೆಲಸ ಹುಡುಕುವವರಿಗೂ ಇದೇ ಉಪದೇಶ: ಊರ ಹೊರಗಿನ ಕಂಪನಿ ಹಿಡಿ, ಜನರ ಎದುರು ದಿಕ್ಕಿಗೆ ಕಾರು ಓಡಿಸು, ಆರಾಮ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಇದರ ಇನ್ನೊಂದು ರೂಪ ಚೆನ್ನಾಗಿ ಗೊತ್ತು: ರಾತ್ರಿ ಊಟ ಮುಗಿಸಿ ಹೊರಟುಬಿಡು, ಟ್ರಾಫಿಕ್ಕೇ ಇರಲ್ಲ.

ಇದು ನಿಜವೇ? ಅರ್ಧ ನಿಜ. ಕೊನೆಯ ಸಲಹೆಯಂತೂ ಜೀವಕ್ಕೇ ಅಪಾಯ ತರಬಹುದು.

ಲೆಕ್ಕ ಎಲ್ಲಿಂದ ಬಂತು?

ಕಚೇರಿಗಳೆಲ್ಲ ನಗರದ ನಡುವೆ, ಮನೆಗಳೆಲ್ಲ ಹೊರವಲಯದಲ್ಲಿ ಇದ್ದರೆ ಈ ಮಾತು ಸರಿ. ಬೆಳಿಗ್ಗೆ ವಾಹನಗಳು ಒಳಕ್ಕೆ ಹರಿಯುತ್ತವೆ, ಸಂಜೆ ಹೊರಕ್ಕೆ. ಅಮೆರಿಕದ ಎಷ್ಟೋ ನಗರಗಳು ಹೀಗೆಯೇ ಬೆಳೆದವು. ಶಿಕಾಗೊದ ಕೆನಡಿ ಎಕ್ಸ್‌ಪ್ರೆಸ್‌ವೇಯಲ್ಲಿ ಕೆಲವು ಲೇನ್‌ಗಳನ್ನು ಬೆಳಿಗ್ಗೆ ನಗರದ ಕಡೆಗೂ ಸಂಜೆ ಹೊರಗಡೆಗೂ ತೆರೆಯುವ ವ್ಯವಸ್ಥೆಯೇ ಇದೆ.

ಮೆಜೆಸ್ಟಿಕ್, ಪೇಟೆ, ವಿಧಾನಸೌಧದ ಸುತ್ತಲೇ ಹೆಚ್ಚಿನ ಕೆಲಸಗಳಿದ್ದ ಕಾಲದ ಬೆಂಗಳೂರಿಗೂ ಇದು ಹೊಂದುತ್ತಿತ್ತು. ಆಮೇಲೆ ಕೆಲಸಗಳೇ ಊರಿನ ಅಂಚಿಗೆ ಹೋದವು. ಪೀಣ್ಯದಲ್ಲಿ ಕಾರ್ಖಾನೆಗಳು ಬಂದವು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ಶುರು ಮಾಡಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಎದ್ದಿತು. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 1999ರ ಕೊನೆಗೆ ಗಾಡಿಗಳು ಹೊರಬರತೊಡಗಿದವು. ಹೊರ ವರ್ತುಲ ರಸ್ತೆಯ ಕಥೆ ಎಲ್ಲರಿಗೂ ಗೊತ್ತೇ ಇದೆ.

ಹಾಗಾಗಿ ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಾರಿನಲ್ಲಿ ಹೊರಟವರು ನಕ್ಷೆಯ ಪ್ರಕಾರ ಊರ ಹೊರಗೆ ಹೋಗುತ್ತಿದ್ದಾರೆ, ಆದರೆ ಜನಪ್ರವಾಹದ ಜೊತೆಗೇ ಇದ್ದಾರೆ. 2010ರಲ್ಲಿ ಹೊಸೂರು ರಸ್ತೆಯ ಮೇಲೆ ಎತ್ತರದ ಸೇತುವೆ ರಸ್ತೆ ತೆರೆದದ್ದೂ, 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಬಂದದ್ದೂ ಈ ಹೊರಮುಖದ ಜನಕ್ಕಾಗಿಯೇ. ಎದುರು ದಿಕ್ಕು ಯಾವುದು ಎಂದು ತೀರ್ಮಾನಿಸುವುದು ಕೆಲಸದ ಜಾಗ. ಊರಿನ ಗಡಿ ಎಲ್ಲಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿಜವಾಗಿ ಎದುರು ದಿಕ್ಕಿನಲ್ಲೇ ಇದ್ದರೂ ಪೂರ್ತಿ ಆರಾಮ ಸಿಗುವುದಿಲ್ಲ. ರಸ್ತೆಗೆ ಎರಡು ಬದಿ ಇದ್ದರೂ ಸಿಗ್ನಲ್ ಒಂದೇ. ವಾಹನ ಜಾಸ್ತಿ ಇರುವ ಕಡೆಗೆ ಹಸಿರು ದೀಪ ಹೆಚ್ಚು ಹೊತ್ತು ಉರಿದರೆ, ನೀವು ಖಾಲಿ ರಸ್ತೆಯಲ್ಲೂ ಕೆಂಪು ದೀಪ ನೋಡುತ್ತಾ ನಿಲ್ಲಬೇಕು. ಗೊರಗುಂಟೆಪಾಳ್ಯದಂಥ ಕಡೆ ಅಡ್ಡ ರಸ್ತೆಯ ವಾಹನಗಳೂ ಸೇರಿಕೊಳ್ಳುತ್ತವೆ.

ನೆಲಮಂಗಲ ದಾಟುವ ಪಾಡು

ನಮ್ಮ ಮೂರು ತಾಲ್ಲೂಕುಗಳಿಗೆ ರೈಲಿಲ್ಲ. ಬೆಂಗಳೂರಿನಿಂದ ಸುಮಾರು ಮುನ್ನೂರು ಕಿ.ಮೀ. ಅಥವಾ ಅದಕ್ಕೂ ಹೆಚ್ಚು ದೂರ, ಬಸ್ಸು ಇಲ್ಲವೇ ಕಾರು. ಹಾಸನ, ಬೇಲೂರು, ಚಿಕ್ಕಮಗಳೂರು, ಬಾಳೆಹೊನ್ನೂರು ಮೇಲೆ ಹೋಗಿ, ಇಲ್ಲವೇ ತುಮಕೂರು, ಅರಸೀಕೆರೆ, ಕಡೂರು ಮೇಲೆ ಹೋಗಿ, ಸಾಮಾನ್ಯವಾಗಿ ನೆಲಮಂಗಲ ದಾಟಲೇಬೇಕು. ಹಾಸನದ ರಸ್ತೆ ಮತ್ತು ತುಮಕೂರಿನ ರಸ್ತೆ ಬೇರೆಯಾಗುವುದೇ ಅಲ್ಲಿ.

ವಾರದ ದಿನ ಬೆಳಿಗ್ಗೆ ಈ ದಾರಿಯಲ್ಲಿ ನಗರದಿಂದ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರೂ ಇರುತ್ತಾರೆ, ನೆಲಮಂಗಲದ ಕಡೆಯಿಂದ ಒಳಗೆ ಬರುವವರೂ ಇರುತ್ತಾರೆ. ಎರಡೂ ಬದಿ ತುಂಬಿರುತ್ತದೆ. ಪೀಣ್ಯ ದಾಟಿದ ಮೇಲೆ ಹೊರಮುಖದ ದಟ್ಟಣೆ ಇಳಿಯುತ್ತದೆ, ಆ ಮಟ್ಟಿಗೆ ಫಾರ್ವರ್ಡ್ ಸರಿ. ಶುಕ್ರವಾರ ಸಂಜೆ ಈ ರಿಯಾಯಿತಿಯೂ ಇಲ್ಲ. ಊರಿಗೆ ಹೋಗುವ ಮಲೆನಾಡಿನವರು, ಚಿಕ್ಕಮಗಳೂರಿನ ಬೆಟ್ಟ ನೋಡಲು ಹೊರಟವರು, ಶೃಂಗೇರಿ ಮತ್ತು ಹೊರನಾಡಿನ ದರ್ಶನಕ್ಕೆ ಹೊರಟವರು, ಎಲ್ಲರೂ ಒಂದೇ ದಾರಿಯಲ್ಲಿ. ಭಾನುವಾರ ರಾತ್ರಿ ಅದೇ ಜನ ವಾಪಸ್. ನಾವು ಊರಿಗೆ ಹೋಗುವವರು ಹೋಗುವಾಗಲೂ ಬರುವಾಗಲೂ ಗುಂಪಿನ ಜೊತೆಗೇ ಇರುತ್ತೇವೆ, ಎದುರಿಗಲ್ಲ.

ಅದಕ್ಕೇ ನಡುರಾತ್ರಿಯ ಉಪಾಯ ಹುಟ್ಟಿದ್ದು.

ಖಾಲಿ ರಸ್ತೆಗೆ ನಿದ್ದೆಯ ಬೆಲೆ

ಭಾನುವಾರ ಊರಲ್ಲಿ ಊಟ ಮುಗಿಸಿ ರಾತ್ರಿ ಹತ್ತಕ್ಕೆ ಹೊರಟು, ಬೆಳಗಿನ ಜಾವ ಬೆಂಗಳೂರು ಸೇರಿ, ಸೋಮವಾರ ಆಫೀಸಿಗೆ ಹೋಗುವುದು ಎಷ್ಟೋ ಮನೆಗಳಲ್ಲಿ ರೂಢಿ. ಸಮಯದ ಲೆಕ್ಕದಲ್ಲಿ ಇದು ಜಾಣತನವೇ. ದೇಹದ ಲೆಕ್ಕ ಬೇರೆ.

ನಮ್ಮ ಮೆದುಳಿನಲ್ಲಿ ಹಗಲು ರಾತ್ರಿಯನ್ನು ಅಳೆಯುವ ಒಂದು ಗಡಿಯಾರವಿದೆ. ಅದರ ಪ್ರಕಾರ ಎಚ್ಚರ ತೀರಾ ಕೆಳಗಿಳಿಯುವುದು ರಾತ್ರಿ ಎರಡರಿಂದ ಬೆಳಗಿನ ಆರರ ನಡುವೆ. ಇದರ ಜೊತೆಗೆ ಎದ್ದು ಎಷ್ಟು ಹೊತ್ತಾಯಿತು ಎಂಬುದೂ ಸೇರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಚುರುಕು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯವಿದ್ದವರ ಮಟ್ಟಕ್ಕೆ ಇಳಿದಿರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿ.ಗ್ರಾಂ. ಬೆಳಿಗ್ಗೆ ಆರಕ್ಕೆ ಎದ್ದು ದಿನವಿಡೀ ಹಬ್ಬದ ಓಡಾಟ ಮಾಡಿದವರಿಗೆ 17 ಗಂಟೆ ತುಂಬುವುದು ರಾತ್ರಿ ಹನ್ನೊಂದಕ್ಕೆ. ಆಗ ಕಾರು ಇನ್ನೂ ಚಿಕ್ಕಮಗಳೂರಿನ ಆಸುಪಾಸಿನಲ್ಲಿರುತ್ತದೆ. ಒಂದು ತೊಟ್ಟೂ ಕುಡಿಯದವರು ಕುಡಿದವರಷ್ಟೇ ಮಂಕಾಗಿ ಹೆದ್ದಾರಿಗೆ ಇಳಿಯುತ್ತಾರೆ.

ನಿದ್ದೆ ಬಂದರೆ ಗೊತ್ತಾಗುತ್ತದೆ ಎಂದು ನಂಬಬೇಡಿ. ಕಣ್ಣು ತೆರೆದೇ ಇದ್ದರೂ ಮೆದುಳು ಕೆಲವು ಸೆಕೆಂಡು ನಿದ್ದೆಗೆ ಜಾರಬಹುದು, ಜಾರಿದ್ದು ಅವರಿಗೇ ತಿಳಿಯದೆ ಇರಬಹುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡಿಗೆ ಕಾರು ಸುಮಾರು 89 ಮೀಟರ್ ಹೋಗಿರುತ್ತದೆ, ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಆಲ್ದೂರು–ಬಾಳೆಹೊನ್ನೂರು ನಡುವಿನ ತಿರುವುಗಳಲ್ಲಿ 89 ಮೀಟರ್ ಎಂದರೆ ಏನು ಎಂದು ಆ ದಾರಿ ಓಡಾಡಿದವರಿಗೆ ಹೇಳಬೇಕಿಲ್ಲ.

ರಸ್ತೆ ಖಾಲಿ ಇದ್ದಾಗ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅಷ್ಟು ವೇಗದಿಂದ ಉಳಿಯುವುದೆಷ್ಟು? ನೂರು ಕಿ.ಮೀ. ದಾರಿಯನ್ನು 80ರ ಬದಲು 100ರಲ್ಲಿ ಓಡಿಸಿದರೆ ಹದಿನೈದು ನಿಮಿಷ. ದಾರಿಬದಿಯ ಹೋಟೆಲಿನಲ್ಲಿ ಕಾಫಿ ಕುಡಿಯುವಷ್ಟು ಹೊತ್ತು.

ಕಾಫಿ ಎಂದಾಗ ನೆನಪಾಯಿತು, ಅದರ ಬಗ್ಗೆಯೂ ಒಂದು ತಪ್ಪು ನಂಬಿಕೆ ಇದೆ. ಕಾಫಿ ಕುಡಿದ ತಕ್ಷಣ ಎಚ್ಚರ ಬರುವುದಿಲ್ಲ, ಸುಮಾರು ಅರ್ಧ ಗಂಟೆ ಬೇಕು. ಕಿಟಕಿ ಇಳಿಸುವುದು, ಮುಖ ತೊಳೆಯುವುದು, ಜೋರಾಗಿ ಹಾಡು ಹಾಕುವುದು ಕೆಲವೇ ನಿಮಿಷದ ಆಟ. ಕೆಲಸ ಮಾಡುವುದು ಇದು: ಬೆಳಕಿರುವ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಹದಿನೈದಿಪ್ಪತ್ತು ನಿಮಿಷ ಸೀಟು ಒರಗಿಸಿ ಮಲಗುವುದು. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ. ಹಿಂದಿನ ನಾಲ್ಕೈದು ಕಿ.ಮೀ. ದಾರಿ ನೆನಪಿಗೆ ಬರುತ್ತಿಲ್ಲ ಎಂದರೆ, ಕಾರು ಬಿಳಿ ಗೆರೆ ಮುಟ್ಟುತ್ತಿದೆ ಎಂದರೆ, ಮುಂದಿನ ಊರಿನವರೆಗೆ ಕಾಯಬೇಡಿ. ಇದು ಆ ಕ್ಷಣಕ್ಕೆ ಮಾತ್ರ. ಇಡೀ ರಾತ್ರಿಯ ನಿದ್ದೆಗೆ ಇದು ಬದಲಿಯಲ್ಲ.

ಹಾಗಾದರೆ ಯಾವಾಗ ಹೊರಡುವುದು?

ರಾತ್ರಿ ಪೂರ್ತಿ ಮಲಗಿ, ಬೆಳಿಗ್ಗೆ ಐದರ ಹೊತ್ತಿಗೆ ಬೆಂಗಳೂರು ಬಿಟ್ಟರೆ ಪೀಣ್ಯದ ಗದ್ದಲಕ್ಕೆ ಮೊದಲೇ ನೆಲಮಂಗಲ ದಾಟಬಹುದು. ಇದಕ್ಕಾಗಿ ಹಿಂದಿನ ರಾತ್ರಿ ಒಂಬತ್ತಕ್ಕೇ ಹಾಸಿಗೆ ಸೇರಬೇಕು. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಅದೂ ನಿದ್ದೆಗೆಟ್ಟ ಪ್ರಯಾಣವೇ. ವಾಪಸ್ ಬರುವವರು ಭಾನುವಾರ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಸಂಜೆಯ ನೂಕುನುಗ್ಗಲು ಶುರುವಾಗುವ ಮೊದಲು ನಗರದೊಳಗೆ ಇರುತ್ತಾರೆ. ಹಬ್ಬದೂಟ ಬಿಟ್ಟು ಹೊರಡು ಎಂದು ಅಮ್ಮನ ಎದುರು ಹೇಳುವುದು ಸುಲಭವಲ್ಲ, ಒಪ್ಪುತ್ತೇನೆ.

ಫಾರ್ವರ್ಡ್ ನಂಬುವ ಮೊದಲು ನೀವೇ ಪರೀಕ್ಷಿಸಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಹೊರಡುವ ದಿನ ಮತ್ತು ಸಮಯ ಹಾಕಿ ನೋಡುವ ಸೌಲಭ್ಯವಿದೆ. ಒಂದೇ ದಾರಿಗೆ ಮಂಗಳವಾರ ಬೆಳಿಗ್ಗೆ ಒಂಬತ್ತು, ಶುಕ್ರವಾರ ಸಂಜೆ ಆರು, ಶನಿವಾರ ಬೆಳಿಗ್ಗೆ ಐದು ಎಂದು ಹಾಕಿ, ಎರಡೂ ದಿಕ್ಕಿಗೆ ಹೋಲಿಸಿ. ಹೊಸ ಕೆಲಸಕ್ಕೆ ಸೇರುವವರು ಮನೆ ಬಾಡಿಗೆ ಮಾತಾಡುವ ಮೊದಲೇ ಇದನ್ನು ಮಾಡುವುದು ಒಳ್ಳೆಯದು. ರಾತ್ರಿಯೇ ಹೋಗಬೇಕಾದ ಅನಿವಾರ್ಯ ಇದ್ದರೆ, ಕಾರು ಓಡಿಸಬಲ್ಲ ಇನ್ನೊಬ್ಬರು ಜೊತೆಗಿರಲಿ, ಅವರು ಮಧ್ಯಾಹ್ನವೇ ಮಲಗಿ ಎದ್ದಿರಲಿ. ಅದೂ ಆಗದಿದ್ದರೆ ಬೆಂಗಳೂರಿಗೆ ರಾತ್ರಿ ಬಸ್ಸುಗಳಿವೆ.